ಕುಣಿಯೊಳಗಿನ ಕಾಲು

ಉಳುಕಿದ ಕಾಲನ್ನು ಕಟ್ಟೆಯ ಮೇಲೆ ಚಾಚಿಕೊಂಡು ಕೂತವನನ್ನು ಕೊಪ್ಪಳದ ಮಗ್ಗುಲ ಭಾಗ್ಯನಗರದಲ್ಲಿ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ನಿಂತು, ಬಗ್ಗಿ ನೋಡಿ, ಒಂದು ಔಷಧ ಹೇಳಿಯೇ ಮುಂದೆ ಹೋಗುತ್ತಾರೆ. ಅರಿಷಿಣ, ಸುಣ್ಣ ಕಲಸಿ ಬಿಸಿ ಮಾಡಿ ಹಚ್ಚು ಎಂದರು ಒಬ್ಬರು. ರಕ್ತಬೋಳ ತೇಯ್ದು ಬಳಿ, ರಾತ್ರಿ ಕಳೆಯೋದರೊಳಗೆ ಬಾವು ಇಳೀತದ ಎಂದರು ಇನ್ನೊಬ್ಬರು. ಎಕ್ಕೆಯ ಎಲೆಗೆ ಎಣ್ಣೆ ಸವರಿ ಹೆಂಚಿನ ಮೇಲೆ ಬಾಡಿಸಿ ಕಟ್ಟಬೇಕು ಎಂದ ಅಜ್ಜಿ, ಹೇಳಿದಷ್ಟಕ್ಕೇ ಬಿಡದೆ ಸಂಜೆ ಎಲೆ ಕಿತ್ತುಕೊಂಡೇ ಬಂದಳು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಉಳುಕಿದ ಜಾಗವನ್ನು ಕಾಲಿನಿಂದ ಮುಟ್ಟಿದರೆ ವಾಸಿಯಾಗುತ್ತದೆಂಬ ನಂಬಿಕೆಯೂ ನಮ್ಮ ಕಡೆ ಇದೆ. ಅಂಥವರೊಬ್ಬರ ವಿಳಾಸವೂ ಸಿಕ್ಕಿತು. ಕೊಪ್ಪಳದ ಆಸ್ಪತ್ರೆಗೆ ಹೋಗು ಎಂದವರು ಕಡೆಗೆ ಬಂದರು, ಸ್ಕೂಟರ್ ಸಮೇತ ಬಂದರು.

ಇಷ್ಟು ಜನ ನನ್ನ ಒಂದು ಹರಡಿನ ಬಗ್ಗೆ ಯೋಚಿಸಿದರಲ್ಲ, ಅದು ನನಗೆ ಇವತ್ತಿಗೂ ದೊಡ್ಡದು. ಆದರೆ ಎಲ್ಲರೂ ಹೇಳಿದ್ದು ಬಾವಿನ ಮಾತು, ನೋವಿನ ಮಾತು. ಅವೆರಡೂ ಹೋದ ಮೇಲೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ನನ್ನಂಥ ಓಡುವವನಿಗೆ ಬೇಕಾದದ್ದು ಆ ಮಾತು.

ನಾನು ಬಿದ್ದದ್ದು ಕಿನ್ನಾಳ ರಸ್ತೆಯಲ್ಲಿ, ಬೆಳಕು ಹರಿಯುವ ಮುಂಚೆ. ಬೊಂಬೆಗಳ ಊರಿಗೆ ಹೋಗುವ ಆ ದಾರಿ ಬೆಳಗಿನ ಓಟಕ್ಕೆ ಹೇಳಿ ಮಾಡಿಸಿದ್ದು. ಊರು ದಾಟಿದರೆ ಎರಡೂ ಕಡೆ ಹೊಲ, ಜೋಳದ ವಾಸನೆ, ಎದುರಿಗೆ ಬರುವುದು ಹಾಲಿನ ಕ್ಯಾನು ಕಟ್ಟಿದ ಒಂದೆರಡು ಬೈಕು. ಟಾರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ ಬಲಗಾಲು ಬಿತ್ತು. ಅರ್ಧ ಪಾದ ಟಾರಿನ ಮೇಲೆ, ಇನ್ನರ್ಧ ಏನೂ ಇಲ್ಲದ ಜಾಗದಲ್ಲಿ. ಪಾದ ಒಳಮುಖವಾಗಿ ಹೊರಳಿತು, ನನ್ನ ಭಾರವೆಲ್ಲ ಹೊರಗಿನ ಗಿಣ್ಣಿನ ಮೇಲೆ ಕುಸಿಯಿತು. ‘ಟಕ್’ ಎಂಬ ಸದ್ದು ಕಿವಿಗೆ ಕೇಳಿಸಿತೋ, ಎಲುಬಿನೊಳಗಿಂದಲೇ ಬಂತೋ ಹೇಳಲಾರೆ. ಮನೆ ಮುಟ್ಟುವಷ್ಟರಲ್ಲಿ ಶೂ ಬಿಚ್ಚಲು ಲೇಸನ್ನು ಪೂರ್ತಿ ಎಳೆದು ತೆಗೆಯಬೇಕಾಯಿತು. ಮರುದಿನ ಹರಡಿನ ಹೊರಬದಿ ನೀಲಿ. ಆ ನೀಲಿ ದಿನದಿಂದ ದಿನಕ್ಕೆ ಕೆಳಗಿಳಿಯುತ್ತ ಹಿಮ್ಮಡದ ಪಕ್ಕಕ್ಕೆ ಬಂತು, ಕಿರುಬೆರಳ ಬುಡಕ್ಕೂ ಬಂತು, ಹಸಿರಾಯಿತು, ಕಡೆಗೆ ಹಳದಿಯಾಗಿ ಮಾಸಿತು. ಒಳಗೆ ಸೋರಿದ ರಕ್ತ ತಗ್ಗು ಹುಡುಕಿಕೊಂಡು ಇಳಿಯುತ್ತದಂತೆ. ಕಿರುಬೆರಳಿಗೆ ಏನೂ ಆಗಿರದಿದ್ದರೂ ಅದು ನೀಲಿಯಾದದ್ದು ಹೀಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಬಾವು ನೋಡಲಿಲ್ಲ, ಎಲುಬು ಒತ್ತಿದರು. ಹರಡಿನ ಒಳಗೊಂದು, ಹೊರಗೊಂದು ಗಿಣ್ಣು ಇವೆಯಲ್ಲ, ಅವುಗಳ ತುದಿಯನ್ನೂ ಹಿಂಬದಿಯ ಅಂಚನ್ನೂ ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತ ಹೋದರು. ಆಮೇಲೆ, “ನಾಲ್ಕು ಹೆಜ್ಜೆ ನಡೀರಿ ನೋಡೋಣು” ಎಂದರು. ಕುಂಟುತ್ತ ನಡೆದೆ. ಎಕ್ಸ್‌ರೇ ಬೇಡ ಎಂದರು. ಹೀಗೆ ಒತ್ತಿ ನೋಡುವುದಕ್ಕೂ ನಾಲ್ಕು ಹೆಜ್ಜೆ ನಡೆಸುವುದಕ್ಕೂ ಒಂದು ಹಿನ್ನೆಲೆ ಇದೆ. ಕೆನಡಾದ ಒಟ್ಟಾವಾ ನಗರದ ಇಯಾನ್ ಸ್ಟೀಲ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1992ರಲ್ಲಿ ಗೊತ್ತುಮಾಡಿದ ನಿಯಮವದು. ಉಳುಕಿದ ಎಲ್ಲ ಕಾಲಿಗೂ ಎಕ್ಸ್‌ರೇ ತೆಗೆಸುವ ಖರ್ಚು, ಕಾಯುವಿಕೆ ಎರಡನ್ನೂ ಅದು ತಪ್ಪಿಸಿತು. ಯಂತ್ರಕ್ಕಿಂತ ಮೊದಲು ಬೆರಳು ಮತ್ತು ಹೆಜ್ಜೆ ಸಾಕು ಎನ್ನುವ ಈ ನಿಯಮ ನಮ್ಮ ಹಳ್ಳಿಗಳ ದವಾಖಾನೆಗಳಿಗೆ ಎಲ್ಲಕ್ಕಿಂತ ಹೆಚ್ಚು ಹೊಂದುತ್ತದೆ. ಗಿಣ್ಣಿನ ಎಲುಬನ್ನು ಒತ್ತಿದರೆ ನೋವಿದೆ, ಅಥವಾ ನಾಲ್ಕು ಹೆಜ್ಜೆಯೂ ಇಡಲಾಗುತ್ತಿಲ್ಲ ಎಂದರೆ ಮಾತ್ರ ಎಕ್ಸ್‌ರೇಗೆ ಹೋಗಲೇಬೇಕು. ಅಂಥ ಕಾಲನ್ನು ಯಾರ ಕೈಗೂ ಕೊಟ್ಟು ಎಳೆಸಬಾರದು, ತಿಕ್ಕಿಸಬಾರದು. ಎಕ್ಕೆ ಎಲೆ ತಂದ ಅಜ್ಜಿಗೂ ಇದನ್ನು ಹೇಳಿದೆ. “ಎಲಬು ಮುರದಿದ್ರ ಎಲಿ ಕಟ್ಟಿ ಏನು ಮಾಡೂದಪಾ, ಅಷ್ಟು ತಿಳೀದೇನು ನನಗ” ಎಂದಳು.

ಹರಡಿನ ಹೊರಬದಿಯಲ್ಲಿ ಎಲುಬನ್ನು ಎಲುಬಿಗೆ ಬಿಗಿದ ಮೂರು ಕಟ್ಟುಗಳಿವೆ, ಲಿಗಮೆಂಟುಗಳು. ಒಳಬದಿಯದು ಅಗಲವಾಗಿ ಹರಡಿಕೊಂಡ ಗಟ್ಟಿ ಕಟ್ಟು. ಹೊರಗಿನ ಗಿಣ್ಣು ಒಳಗಿನದಕ್ಕಿಂತ ಕೆಳಗಿಳಿದಿದೆ. ಹಾಗಾಗಿ ಪಾದ ಹೊರಕ್ಕೆ ಹೊರಳಲು ಎಲುಬೇ ಅಡ್ಡ ಬರುತ್ತದೆ, ಒಳಕ್ಕೆ ಹೊರಳಲು ಅಂಥ ತಡೆಯಿಲ್ಲ. ಮೂರರಲ್ಲಿ ಮುಂದಿನದೇ ತೆಳ್ಳಗಿನದು. ಇಳಿಜಾರಿನಲ್ಲೋ ತಗ್ಗಿನಲ್ಲೋ ಬೆರಳು ಕೆಳಮುಖವಾಗಿ ಪಾದ ಮಗ್ಗುಲಾದರೆ ಎಳೆತ ಬೀಳುವುದು ಅದರ ಮೇಲೆಯೇ. ನನ್ನದು ಅರ್ಧ ಹರಿದಿತ್ತು.

ಮಂಜುಗಡ್ಡೆಯೋ ಕಾವೋ ಎಂಬ ಜಗಳ ನಮ್ಮ ಮನೆಯಲ್ಲಿ ನಡೆದಂತೆಯೇ ಜಗತ್ತಿನಲ್ಲೂ ನಡೆದಿದೆ. ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯ 1978ರಲ್ಲಿ ತನ್ನ ಪುಸ್ತಕದಲ್ಲಿ ವಿಶ್ರಾಂತಿ, ಮಂಜು, ಬಿಗಿಪಟ್ಟಿ, ಕಾಲು ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರ ಬರೆದ. ನಮ್ಮ ಶಾಲೆಗಳ ಪಿ.ಟಿ. ಮಾಸ್ತರರ ತನಕ ಎಲ್ಲರ ಬಾಯಲ್ಲೂ ಅದೇ ಬಂತು. 2014ರಲ್ಲಿ ಅದೇ ಮಿರ್ಕಿನ್, ಮಂಜು ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಎಂದು ಬರೆದ. ಬಾವು ಎನ್ನುವುದು ದೇಹ ತಾನೇ ಶುರುಮಾಡಿದ ರಿಪೇರಿ, ಅದನ್ನು ಪೂರಾ ತಣ್ಣಗೆ ಮಾಡಿಬಿಟ್ಟರೆ ಕೆಲಸಗಾರರನ್ನು ಬಾಗಿಲಲ್ಲೇ ತಡೆದಂತೆ ಎಂಬುದು ಈಗಿನ ತಿಳಿವಳಿಕೆ. ತಾನು ಹೇಳಿ ಜಗತ್ತೇ ನಂಬಿದ್ದನ್ನು ಮೂವತ್ತಾರು ವರ್ಷದ ಮೇಲೆ ತಾನೇ ತಿದ್ದಿದ ಆ ವೈದ್ಯನ ಮೇಲೆ ನನಗೆ ಗೌರವ ಬಂದಿದೆ. ಅದಕ್ಕೂ ಎರಡು ವರ್ಷ ಮುಂಚೆ, 2012ರಲ್ಲಿ, ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ಕೆಲವರು ಇನ್ನೂ ಮುಖ್ಯವಾದ ಮಾತು ಹೇಳಿದ್ದರು: ಬರೀ ವಿಶ್ರಾಂತಿ ಸಾಲದು, ತಕ್ಕಷ್ಟು ಭಾರ ಕೊಡಬೇಕು. ಎಲುಬು ಮುರಿದಿಲ್ಲವೆಂದು ಖಾತ್ರಿಯಾದ ಮೇಲೆ ಬೇಗ ನಡೆಯಲು ಶುರುಮಾಡಿ, ನೋವಿನ ಅಳತೆ ನೋಡಿಕೊಂಡು ಹೆಚ್ಚಿಸುತ್ತ ಹೋಗಬೇಕು. ಮೊದಲ ಒಂದೆರಡು ದಿನ ನೋವು ತಾಳದಾದಾಗ ನಾನು ಮಂಜು ಇಟ್ಟೆ, ಆಮೇಲೆ ಅಜ್ಜಿಯ ಎಲೆ ಕಟ್ಟಿಕೊಂಡೆ. ಎರಡರಿಂದಲೂ ಹಿತವಾಯಿತು. ಲಿಗಮೆಂಟನ್ನು ಕೂಡಿಸಿದ್ದು ಮಾತ್ರ ಎರಡೂ ಅಲ್ಲ.

ಅದನ್ನು ಕೂಡಿಸುವುದು ಹೇಗೆಂದು ನನಗೆ ಮನಸ್ಸಿಗೆ ನಾಟುವಂತೆ ತಿಳಿದದ್ದು ಮಗ್ಗದ ಪಕ್ಕ ಕೂತಾಗ.

ಭಾಗ್ಯನಗರ ನೇಕಾರರ ಊರು. ಕೊಪ್ಪಳಕ್ಕೆ ಅಂಟಿಕೊಂಡೇ ಇದ್ದರೂ, ರೈಲು ಹಳಿ ದಾಟಿ ಈಚೆ ಬಂದರೆ ಸದ್ದೇ ಬೇರೆ. ಈಗ ಕೂದಲಿನ ಉದ್ಯಮವೂ ದೊಡ್ಡದಾಗಿದೆ. ಗಂಟುಗಂಟಾಗಿ ಬಂದ ಕೂದಲನ್ನು ಬಿಡಿಸಿ, ಹಸನು ಮಾಡಿ, ಉದ್ದಕ್ಕೆ ತಕ್ಕಂತೆ ಜೋಡಿಸಿ ದೂರದ ದೇಶಗಳಿಗೆ ಕಳಿಸುತ್ತಾರೆ. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಆದರೂ ಓಣಿಯ ಬೆಳಗು ಇನ್ನೂ ಮಗ್ಗದ್ದೇ. ಹೆಚ್ಚಿನವು ಪವರ್‌ಲೂಮ್. ನಮ್ಮ ಮನೆಯ ಹಿಂದಿನ ಕಾಕಾ ಇನ್ನೂ ಕುಣಿಮಗ್ಗದಲ್ಲೇ ಕೂಡುತ್ತಾರೆ. ಓಟ ನಿಂತ ಬೆಳಗುಗಳಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೋಲು ಊರಿಕೊಂಡು ಅವರಲ್ಲಿಗೆ ಹೋಗಿ ಕೂಡುತ್ತಿದ್ದೆ. ಬೆಳಗಿನ ಐದಕ್ಕೆ ತಾನೇ ಎಚ್ಚರವಾಗುವ ಮೈ, ಹೋಗಲು ದಾರಿಯಿಲ್ಲದೆ ತಳಮಳಿಸುತ್ತದೆ. ಓಡುವವರಿಗೆ ಮಾತ್ರ ಗೊತ್ತಿರುವ ಸಂಕಟ ಅದು.

ಒಂದು ದಿನ ಹಾಸಿನ ಎಳೆ ಕಡಿಯಿತು. ಕಾಕಾ ಮಗ್ಗ ನಿಲ್ಲಿಸಿ, ಕಡಿದ ಎರಡೂ ತುದಿ ಹುಡುಕಿ, ತುಂಡು ನೂಲು ಸೇರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಸುತ್ತು ತಿರುವಿ ಗಂಟು ಹಾಕಿದರು. ಗಂಟು ಬಿದ್ದ ಎಳೆ ಉಳಿದ ಎಳೆಗಳ ನಡುವೆ ಸಡಿಲವಾಗಿ ಜೋತುಬಿದ್ದಿತ್ತು. ಅದನ್ನು ಎಳೆದು ಉಳಿದವುಗಳ ಬಿಗಿಗೆ ತಂದು ನಿಲ್ಲಿಸಿದ ಮೇಲೆಯೇ ಲಾಳಿ ಹೊಡೆದದ್ದು. ಲಿಗಮೆಂಟಿನಲ್ಲೂ ನಡೆಯುವುದು ಇದೇ. ಹರಿದ ಜಾಗದಲ್ಲಿ ಮೊದಲ ವಾರಗಳಲ್ಲಿ ದೇಹ ಹೊಸ ಕೊಲಾಜನ್ ಎಳೆ ತುಂಬುತ್ತದೆ, ಅಡ್ಡಾದಿಡ್ಡಿಯಾಗಿ, ಸಡಿಲವಾಗಿ, ತೆಳ್ಳಗಿನ ಜಾತಿಯದನ್ನು. ನೋವು ಅಷ್ಟರಲ್ಲಿ ಹೋಗಿರುತ್ತದೆ. ಆ ಎಳೆಗಳು ದಪ್ಪಗಾಗಿ, ಎಳೆತದ ದಿಕ್ಕಿಗೆ ಸಾಲಾಗಿ ನಿಲ್ಲಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೇ ಬೇಕು. ಸಾಲಾಗಲು ಬಿಗಿ ಬೇಕು, ಅಂದರೆ ಅಳತೆಯ ಭಾರ ಬೇಕು. ಮಂಚದ ಮೇಲೆ ಮಲಗಿದವನ ಹರಡಿಗೆ ಯಾವ ದಿಕ್ಕಿಗೆ ಗಟ್ಟಿಯಾಗಬೇಕೆಂದು ಹೇಳುವವರೇ ಇಲ್ಲ.

ಇದು ಎಳೆಯ ಮಾತಾಯಿತು. ಅದಕ್ಕಿಂತ ಆಳದ್ದು ಇನ್ನೊಂದಿದೆ, ಅದನ್ನೂ ಕಾಕಾನ ಕಾಲುಗಳೇ ತೋರಿಸಿದವು. ಕುಣಿಮಗ್ಗದಲ್ಲಿ ನೇಕಾರ ನೆಲಮಟ್ಟಕ್ಕೆ ಕೂತು ಕಾಲನ್ನು ಕುಣಿಗೆ ಇಳಿಬಿಟ್ಟಿರುತ್ತಾನೆ. ಕೆಳಗೆ ತುಳಿಯುವ ಹಲಗೆಗಳಿವೆ. ಒಂದನ್ನು ತುಳಿದಾಗ ಹಾಸು ಬಾಯ್ತೆರೆಯುತ್ತದೆ, ಲಾಳಿ ಓಡುತ್ತದೆ, ಇನ್ನೊಂದನ್ನು ತುಳಿದಾಗ ಎಳೆಗಳು ಅದಲುಬದಲಾಗುತ್ತವೆ. ಮೇಲೆ ಬಟ್ಟೆ, ಕೆಳಗೆ ಕತ್ತಲು. ಕಾಲು ತಪ್ಪುವುದಿಲ್ಲವೇ ಎಂದು ಕೇಳಿದೆ.

“ಕುಣ್ಯಾಗ ಕಾಲು ಕಾಣ್ತಾವೇನೋ ತಮ್ಮಾ? ಮಗ್ಗಕ್ಕ ಕುಂತಾಗಿಂದ ನಾ ಅವನ್ನ ನೋಡೇ ಇಲ್ಲ. ತಪ್ಪು ಹಲಗಿ ತುಳದ್ರ ಮೊದಲ ಕಾಲಿಗೇ ಗೊತ್ತಾಗತೈತಿ. ಅರಿವ್ಯಾಗ ಕಾಣೂದು ಆಮ್ಯಾಲ.”

ಬಗ್ಗಿ ಕುಣಿಯೊಳಗೆ ನೋಡಿದೆ. ಬರಿಗಾಲು. ಹಲಗೆಯ ಅಂಚನ್ನು ಹೆಬ್ಬೆರಳು ಮೊದಲು ಸೋಕಿ ನೋಡುತ್ತಿತ್ತು, ಆಮೇಲೆ ಪಾದದ ಮುಂಭಾಗ ಇಳಿಯುತ್ತಿತ್ತು, ಹಿಮ್ಮಡ ಗಾಳಿಯಲ್ಲೇ ಇರುತ್ತಿತ್ತು. ಹರಡಿನ ಮುಂದಿನ ಸ್ನಾಯುರಜ್ಜುಗಳು ಚರ್ಮದಡಿ ಏಳುತ್ತ ಬೀಳುತ್ತ ಒಂದು ಕ್ಷಣವೂ ಸುಮ್ಮನಿರಲಿಲ್ಲ.

ಕಣ್ಣಿಲ್ಲದೆ ಕಾಲು ತಾನೆಲ್ಲಿದೆ ಎಂದು ಅರಿಯುವ ಈ ಶಕ್ತಿಯ ಬೇರು ಲಿಗಮೆಂಟಿನಲ್ಲೂ ಸ್ನಾಯುವಿನಲ್ಲೂ ಇರುವ ಸಣ್ಣ ನರತುದಿಗಳಲ್ಲಿದೆ. ಲಂಡನ್ನಿನ ಮೈಕಲ್ ಫ್ರೀಮನ್ ಎಂಬ ಶಸ್ತ್ರವೈದ್ಯ ಮತ್ತು ಸಂಗಡಿಗರು 1965ರಲ್ಲಿ ಒಂದು ವಿಚಾರ ಮುಂದಿಟ್ಟರು. ಹರಡು ಉಳುಕಿದಾಗ ಎಳೆಯ ಜೊತೆ ಈ ನರತುದಿಗಳಿಗೂ ಪೆಟ್ಟಾಗುತ್ತದೆ, ಅದರಿಂದಲೇ ವಾಸಿಯಾದ ಮೇಲೂ ಕಾಲು ಮತ್ತೆ ಮತ್ತೆ ಹೊರಳುತ್ತದೆ ಎಂದು. ಅಲುಗಾಡುವ ಹಲಗೆಯ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಗುಣ ಕಾಣುತ್ತದೆಂದೂ ತೋರಿಸಿದರು. ನರತುದಿಯೊಂದರಿಂದಲೇ ಎಲ್ಲವೂ ಆಗುವುದಿಲ್ಲವೆಂದು ಆಮೇಲೆ ಬಂದವರು ಹೇಳಿದ್ದಾರೆ, ಆದರೆ ಅಭ್ಯಾಸದ ಮಾತು ಗಟ್ಟಿಯಾಗಿ ನಿಂತಿದೆ. ಒಮ್ಮೆ ಉಳುಕಿದ ಹರಡೇ ಮತ್ತೆ ಉಳುಕುವುದು ಹೆಚ್ಚು, ನಿಲುವಿನ ಅಭ್ಯಾಸ ಮಾಡಿದವರಲ್ಲಿ ಅದು ಕಡಿಮೆ.

ನೋವು ಪೂರ್ತಿ ಹೋದ ಮೇಲೆ ಒಂದು ಬೆಳಗು ಬರಿಗಾಲಲ್ಲಿ, ಗೋಡೆಯ ಹತ್ತಿರ, ಬಲಗಾಲೊಂದರ ಮೇಲೆ ನಿಂತೆ. ನಿಲ್ಲಬಹುದಿತ್ತು. ಕಣ್ಣು ಮುಚ್ಚಿದೆ. ಮುಚ್ಚಿದ ಕೂಡಲೇ ಮೈ ಹೊರಕ್ಕೆ ವಾಲಿತು, ಕೈ ಗೋಡೆ ಹಿಡಿಯಿತು. ಎಡಗಾಲಲ್ಲಿ ಮಾತ್ರ ಕಣ್ಣು ಮುಚ್ಚಿಯೂ ಎಷ್ಟೋ ಹೊತ್ತು ನಿಂತೆ. ನಡೆಯುವಾಗ ಎರಡೂ ಕಾಲು ಒಂದೇ, ಬಾವಿಲ್ಲ, ಬಣ್ಣವಿಲ್ಲ, ಮೆಟ್ಟಿಲಿಳಿದರೂ ನೋವಿಲ್ಲ. ಕಣ್ಣು ಮುಚ್ಚಿದಾಗಲೇ ಬಲಗಾಲಿಗೆ ನೆಲ ಗೊತ್ತಿಲ್ಲವೆಂದು ತಿಳಿದದ್ದು. ಅವತ್ತೇ ಶೂ ಹಾಕಿಕೊಂಡು ಕಿನ್ನಾಳ ರಸ್ತೆಗೆ ಹೋಗಿದ್ದರೆ ಆ ಕಾಲು ಪೂರ್ತಿ ನನ್ನ ಕಣ್ಣನ್ನೇ ನಂಬಿ ಓಡುತ್ತಿತ್ತು. ನಸುಕಿನ ಐದು ಗಂಟೆಗೆ ಕಣ್ಣಿಗೆ ಕಾಣುವುದು ಎಷ್ಟು?

ಹಾಗಾಗಿ ಓಟಕ್ಕೆ ಮೊದಲು ನಿಲ್ಲುವುದನ್ನು ಹಿಡಿದೆ. ಹಲ್ಲು ಉಜ್ಜುವಾಗ ಒಂಟಿಕಾಲು, ಫೋನಿನಲ್ಲಿ ಮಾತಾಡುವಾಗ ಒಂಟಿಕಾಲು, ಆಮೇಲೆ ಮಡಚಿದ ಕೌದಿಯ ಮೇಲೆ ಒಂಟಿಕಾಲು. ಗವಿಮಠದ ಬೆಟ್ಟದ ಮೆಟ್ಟಿಲ ಅಂಚಿನಲ್ಲಿ ಬೆರಳೂರಿ ಹಿಮ್ಮಡ ಏರಿಸುವುದು, ಇಳಿಸುವುದು. ಆ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1931ರಲ್ಲಿ ಬೆಳಕಿಗೆ ಬಂದದ್ದು. ತಾನು ಉಪಾಸಕನಾದರೂ ಒಂದು ವರ್ಷ ಹೆಚ್ಚು ಪರಿಶ್ರಮ ಪಡಲಿಲ್ಲ, ಆಮೇಲೆ ಪಟ್ಟೆ ಎಂದು ಚಕ್ರವರ್ತಿ ಅದರಲ್ಲಿ ಹೇಳಿಸಿದ್ದಾನೆ. ದೊಡ್ಡವರಿಗಷ್ಟೇ ಅಲ್ಲ, ಪರಿಶ್ರಮಪಟ್ಟರೆ ಚಿಕ್ಕವರಿಗೂ ಆ ಫಲ ಸಿಗುತ್ತದೆ ಎಂದೂ ಇದೆ. ಧರ್ಮದ ವಿಷಯದಲ್ಲಿ ಆಡಿದ ಮಾತು, ಒಪ್ಪುತ್ತೇನೆ. ಹಿಮ್ಮಡ ಏರಿಸಿ ಇಳಿಸುತ್ತ ಅದನ್ನು ನೆನೆದಾಗೆಲ್ಲ ಇನ್ನೊಂದು ಸಲ ಏರಿಸಲು ಬಲ ಬಂದದ್ದೂ ನಿಜ.

ಪುಷ್ಯದ ಗವಿಸಿದ್ಧೇಶ್ವರ ಜಾತ್ರೆಗೆ ಆ ಸಲ ಹೋಗಲಿಲ್ಲ. ಲಕ್ಷಾಂತರ ಜನರ ನೂಕಿನಲ್ಲಿ ಯಾವ ಹೆಜ್ಜೆ ಎಲ್ಲಿ ಬೀಳುತ್ತದೆಂದು ನಮ್ಮ ಕೈಯಲ್ಲಿರುವುದಿಲ್ಲ. ತೇರಿನ ದಿನ ನಮ್ಮ ಓಣಿಯೆಲ್ಲ ಖಾಲಿಯಾಗಿ, ನಾನೊಬ್ಬನೇ ಉಳಿದು, ಅವ್ವ ದಾಸೋಹದಿಂದ ತಂದ ರೊಟ್ಟಿ, ಮಾದಲಿ ತಿಂದೆ.

ಓಡಲು ಶುರುಮಾಡಿದ್ದು ಜಿಲ್ಲಾ ಕ್ರೀಡಾಂಗಣದಲ್ಲಿ. ಸ್ವಲ್ಪ ನಡಿಗೆ, ಸ್ವಲ್ಪ ಓಟ, ಮತ್ತೆ ನಡಿಗೆ. ಮರುದಿನ ಬೆಳಿಗ್ಗೆ ಹರಡು ಬಿಗಿದುಕೊಂಡಿದ್ದರೆ ಹೆಚ್ಚಿಸುತ್ತಿರಲಿಲ್ಲ, ಬಿಗಿದಿರದಿದ್ದರೆ ಒಂಚೂರು ಹೆಚ್ಚು. ನೇರ ಓಟ ಬಂದ ಎಷ್ಟೋ ದಿನದ ಮೇಲೆ ತಿರುವು, ತಿರುವಿನ ಮೇಲೆ ಜಿಗಿತ. ಇದರಲ್ಲಿ ಹೇಳಲು ಹೆಚ್ಚೇನಿಲ್ಲ. ಹೇಳಬೇಕಾದದ್ದು ಅಲ್ಲಿ ಕಂಡ ಹುಡುಗರ ಬಗ್ಗೆ.

ನಸುಕಿಗೇ ಆ ಮೈದಾನ ತುಂಬಿರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡು ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು, ಹುಡುಗಿಯರು. ಕಾನ್‌ಸ್ಟೆಬಲ್ ಆಗಲು ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ. ಜಿಗಿತ, ಗುಂಡು ಎಸೆತ ಬೇರೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಾದ ಹುದ್ದೆಗಳಿವೆ, ಆಸೆಯೂ ಅಷ್ಟೇ ದೊಡ್ಡದು. ಅವರ ಕಾಲಿನ ಶೂ ಅವ್ವ ಕೂಲಿಗೆ ಹೋಗಿ ಕಳಿಸಿದ ದುಡ್ಡಿನಲ್ಲಿ ತೆಗೆದುಕೊಂಡದ್ದು. ಈ ಮಕ್ಕಳ ಹರಡು ನನ್ನದರ ಹಾಗಲ್ಲ. ನನ್ನದು ಉಳುಕಿದರೆ ಬೆಳಗಿನ ಸಂತೋಷ ಹೋಗುತ್ತದೆ, ಅವರದು ಉಳುಕಿದರೆ ಇಡೀ ಮನೆಯ ಲೆಕ್ಕ ತಪ್ಪುತ್ತದೆ.

ಅವರಲ್ಲೊಬ್ಬ ಹುಡುಗ ಕ್ರೇಪ್ ಬ್ಯಾಂಡೇಜನ್ನು ಬೆರಳು ನೀಲಿಯಾಗುವಷ್ಟು ಬಿಗಿದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ ನುಂಗಿ ಓಡುತ್ತಿದ್ದ. ಪರೀಕ್ಷೆಯ ತಾರೀಕು ಹತ್ತಿರ ಬಂದಿತ್ತು. “ನೋವು ಹೋಗೇತ್ರಿ ಸರ್” ಎಂದ. ನಾಲ್ಕೇ ದಿನದ ಹಿಂದೆ ಉಳುಕಿದ್ದು. ಓಡಬೇಡ ಎಂದು ಹೇಳುವುದು ಸುಲಭ. ಅವನ ಮನೆಯವರು ಕಾಯುತ್ತಿರುವಾಗ ಆ ಮಾತಿಗೆ ತೂಕವಿಲ್ಲ. ಅವನು ಹೋದ, ಮೂರನೇ ಸುತ್ತಿನ ತಿರುವಿನಲ್ಲಿ ಅದೇ ಕಾಲು ಮತ್ತೆ ಹೊರಳಿತು, ಈ ಸಲ ಪೂರ್ತಿ. ಆ ಭರ್ತಿ ಅವನಿಗೆ ತಪ್ಪಿತು. ತಾಲ್ಲೂಕಿಗೊಬ್ಬರಾದರೂ ಫಿಸಿಯೋ ಬೆಳಗಿನ ಹೊತ್ತು ಇಂಥ ಮೈದಾನಕ್ಕೆ ಬಂದು ನಿಂತರೆ ಎಷ್ಟು ಕಾಲು ಉಳಿದಾವು! ಕೋಚಿಂಗ್ ಸೆಂಟರುಗಳು ಸಾಮಾನ್ಯ ಜ್ಞಾನಕ್ಕೆ ದಪ್ಪ ದಪ್ಪ ಪುಸ್ತಕ ಕೊಡುತ್ತವೆ. ಉಳುಕಿದ ಮೇಲೆ ಏನು ಮಾಡಬೇಕೆಂಬ ಒಂದು ಹಾಳೆ ಕೊಟ್ಟರೂ ಸಾಕು. ಗುಳಿಗೆ ನೋವನ್ನು ಮರೆಸುತ್ತದೆ, ನೆಲದ ಅರಿವನ್ನು ವಾಪಸು ತಂದುಕೊಡುವುದಿಲ್ಲ. ಇದು ಆ ಹಾಳೆಯ ಮೊದಲ ಸಾಲಾಗಬೇಕು.

ನೆಲದ ಅರಿವು ಎಂದಾಗ ನೆನಪಾಗುವವರು ಬೆಳಗಾವಿಯ ಫಡೆಪ್ಪ ಚೌಗುಲೆ, ನಮ್ಮ ನಾಡಿನ ಓಟಗಾರರಲ್ಲಿ ನನಗೆ ತುಂಬ ಹತ್ತಿರದವರು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಹತ್ತೊಂಬತ್ತನೆಯವರಾಗಿ ಬಂದವರು. ಅವರ ಕಾಲದ ಓಟಗಾರರು ಬರಿಗಾಲಿನ ರೈತ ಮಕ್ಕಳು, ಪುಣೆಯ ಓಟಗಳಲ್ಲಿ ಅಂಥವರನ್ನು ಕಂಡೇ ದೊರಾಬ್ಜಿ ಟಾಟಾ ಒಲಿಂಪಿಕ್ಸಿಗೆ ತಂಡ ಕಳಿಸುವ ಯೋಚನೆ ಮಾಡಿದ್ದು. ಉಳುಮೆಯ ಹೊಲ, ಬದು, ಕಲ್ಲುದಾರಿ ತುಳಿದ ಆ ಹರಡುಗಳಿಗೆ ನೆಲ ದಿನವೂ ಪಾಠ ಹೇಳುತ್ತಿತ್ತು. ಶೂ ಬಿಚ್ಚಿ ಓಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಮ್ಮ ರಸ್ತೆಗಳ ಗಾಜಿನ ಚೂರಿನ ಮೇಲಂತೂ ಅಲ್ಲ. ಓಟ ಮುಗಿದ ಮೇಲೆ ಶೂ ಬಿಚ್ಚಿ ಹುಲ್ಲಿನ ಮೇಲೆ ಐದು ನಿಮಿಷ ನಡೆಯಿರಿ, ನಿಲ್ಲಿರಿ ಎಂದು ಹೇಳುತ್ತೇನೆ.

ಮೈದಾನದಲ್ಲಿ ಕಾಲು ಹೊರಳಿದ ಆ ಹುಡುಗ ಪ್ಲಾಸ್ಟರ್ ಬಿಚ್ಚಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದ. ಅವನನ್ನು ಕಾಕಾನ ಮಗ್ಗದ ಮನೆಗೆ ಕರೆದೊಯ್ದು ಕುಣಿಯೊಳಗೆ ಬಗ್ಗಿ ನೋಡಿಸಿದೆ. ಅಲ್ಲಿಂದ ಅವನ ಅಭ್ಯಾಸ ಶುರುವಾಯಿತು, ನನಗಿಂತ ಶ್ರದ್ಧೆಯಿಂದ. ಈಗ ಮುಂದಿನ ಭರ್ತಿಗೆ ಓಡುತ್ತಿದ್ದಾನೆ. ಈಚೆಗೆ ಕುಕನೂರು ಕಡೆಯ ಹುಡುಗಿಯೊಬ್ಬಳು ಹರಡಿಗೆ ಪಟ್ಟಿ ಸುತ್ತಿಕೊಂಡು ಟ್ರ್ಯಾಕಿಗೆ ಇಳಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವನು ಅವಳನ್ನು ತಡೆದ.

“ಯಕ್ಕಾ, ಒಂದು ನಿಮಿಷ ತಡೀರಿ. ಆ ಕಾಲಮ್ಯಾಲ ನಿಂತು ಕಣ್ಣು ಮುಚ್ರಿ ಮೊದಲ.”

“ಯಾಕ? ನೋವೇನಿಲ್ಲ ಈಗ.”

“ನೋವು ಇಲ್ಲಂದ್ರ ಚಲೋ ಆತು. ಕಣ್ಣು ಮುಚ್ರಿ. ಇಲ್ಲೇ ನಿಂತೀನಿ, ಬಿದ್ರ ಹಿಡೀತೀನಿ.”